ನೆಲದೊಳಗೆ ಹೂತ ಟ್ಯಾಂಕಿಗೆ ಭೂಕಂಪದಿಂದ ಏನೂ ಆಗುವುದಿಲ್ಲವೇ? ಕೊಳಚೆ ನೀರಿನ ಘಟಕಗಳು ಕಲಿಸಿದ ಪಾಠ

ಎಲ್ಲಾದರೂ ದೊಡ್ಡ ಭೂಕಂಪ ಆಯಿತು ಎಂಬ ಸುದ್ದಿ ಬಂದರೆ ಸಾಕು, ಅರ್ಧ ಗಂಟೆಯೊಳಗೆ ನಮ್ಮ ನಿಮ್ಮೆಲ್ಲರ ವಾಟ್ಸಾಪ್ ಗುಂಪುಗಳು ತುಂಬಿಹೋಗುತ್ತವೆ. ವಾಲಿದ ಕಟ್ಟಡ, ಬಿರುಕು ಬಿಟ್ಟ ರಸ್ತೆ, ಮುಂದಿನ ಭೂಕಂಪ ಎಂದು ಎಲ್ಲಿ ಎಂಬ 'ಭವಿಷ್ಯ'. ಇವುಗಳ ನಡುವೆ ಎರಡು ಮಾತುಗಳು ಮತ್ತೆ ಮತ್ತೆ ಸುತ್ತುತ್ತಿರುತ್ತವೆ. ಒಂದು: "ನೆಲದ ಮೇಲೆ ನಿಂತದ್ದಕ್ಕೆ ಮಾತ್ರ ಅಪಾಯ. ನೆಲದೊಳಗೆ ಹೂತ ಕಾಂಕ್ರೀಟ್ ಟ್ಯಾಂಕಿಗೆ, ಪೈಪಿಗೆ ಏನೂ ಆಗುವುದಿಲ್ಲ." ಇನ್ನೊಂದು: "ಸತ್ತವರ ದೇಹಗಳು ಕೊಳೆತು ಊರಿಗೆಲ್ಲ ಕಾಲರಾ ಹರಡುತ್ತದೆ."

ಎರಡೂ ಕೇಳಲು ಸರಿ ಅನ್ನಿಸುತ್ತವೆ, ಆದರೆ ಎರಡೂ ತಪ್ಪು. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ಯಾರೂ ಫೋಟೋ ತೆಗೆದು ಕಳಿಸದ ಒಂದು ಜಾಗಕ್ಕೆ: ಊರಿನ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ. ಭೂಕಂಪ ಆದಾಗ ಈ ಘಟಕಕ್ಕೆ ಏನಾಗುತ್ತದೆ? ಅದು ಉಳಿಯುವಂತೆ ಕಟ್ಟುವುದು ಹೇಗೆ? ಅದು ನಿಂತರೆ ನಮಗೇನು ತೊಂದರೆ? ಒಂದೊಂದಾಗಿ ನೋಡೋಣ.

ಕ್ರೈಸ್ಟ್‌ಚರ್ಚ್‌ನಲ್ಲಿ ಆದದ್ದೇನು?

2011ರ ಫೆಬ್ರವರಿ 22. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನಗರದ ಪಕ್ಕದಲ್ಲೇ 6.3 ತೀವ್ರತೆಯ ಭೂಕಂಪ ಸಂಭವಿಸಿತು. 185 ಜನ ಸತ್ತರು. ಜಗತ್ತು ನೋಡಿದ್ದು ಕುಸಿದ ಕಟ್ಟಡಗಳನ್ನು. ಆದರೆ ನಗರದ ಪೂರ್ವ ಭಾಗದ ಜನರನ್ನು ತಿಂಗಳುಗಟ್ಟಲೆ ಕಾಡಿದ್ದು ಬೇರೆಯೇ ಸಮಸ್ಯೆ: ಶೌಚಾಲಯ.

ಅಲ್ಲಿ ನೆಲದೊಳಗಿನಿಂದ ಬೂದು ಬಣ್ಣದ ಮರಳು, ನೀರು ಬುಗ್ಗೆಯಂತೆ ಉಕ್ಕಿ ಬೀದಿ, ಅಂಗಳಗಳನ್ನು ತುಂಬಿತು. ಹಾಗೆ ಉಕ್ಕಿದ ಹೂಳು 4 ಲಕ್ಷ ಟನ್‌ಗೂ ಹೆಚ್ಚು. ವಿದ್ಯಾರ್ಥಿಗಳು ಪಡೆ ಕಟ್ಟಿಕೊಂಡು ಬಂದು ಸಲಿಕೆ ಹಿಡಿದು ಅದನ್ನು ತೆಗೆದರು. ನೆಲದೊಳಗೂ ಅದೇ ಕತೆ. ಒಳಚರಂಡಿ ಪೈಪುಗಳು ಸಂದುಗಳಲ್ಲಿ ಬಿಟ್ಟುಕೊಂಡವು, ಮರಳು ಒಳನುಗ್ಗಿತು. ಆ ಮರಳೆಲ್ಲ ಕೊಳಚೆಯ ಜೊತೆ ಹರಿದು ಬ್ರಾಮ್ಲಿ ಎಂಬಲ್ಲಿರುವ ನಗರದ ಶುದ್ಧೀಕರಣ ಘಟಕ ಸೇರಿತು. ತೊಟ್ಟಿಗಳಲ್ಲಿ ಮರಳು ತುಂಬಿತು, ತಿಳಿಗೊಳಿಸುವ ತೊಟ್ಟಿಗಳಿಗೆ ಪೆಟ್ಟು ಬಿತ್ತು, ದೊಡ್ಡ ಕೊಳಗಳ ಏರಿಗಳು ಬಿರುಕು ಬಿಟ್ಟವು.

ಪರಿಣಾಮ? ಶುದ್ಧವಾಗದ ಕೊಳಚೆ ನೇರವಾಗಿ ಏವನ್ ಮತ್ತು ಹೀತ್‌ಕೋಟ್ ನದಿಗಳಿಗೆ ಹರಿಯಿತು. ನದಿ, ಅಳಿವೆ, ಸಮುದ್ರದಂಡೆಯ ನೀರು ಮುಟ್ಟಬೇಡಿ ಎಂಬ ಎಚ್ಚರಿಕೆ ಹೊರಬಿತ್ತು. ಕುಡಿಯುವ ನೀರಿಗೆ ಎಂದೂ ಕ್ಲೋರಿನ್ ಹಾಕಿ ಅಭ್ಯಾಸವಿಲ್ಲದ ಆ ಊರಿನಲ್ಲಿ ಕ್ಲೋರಿನ್ ಹಾಕಲು ಶುರು ಮಾಡಿದರು, ನೀರು ಕುದಿಸಿ ಕುಡಿಯಿರಿ ಎಂದರು. ಬೀದಿಗಳಲ್ಲಿ ತಾತ್ಕಾಲಿಕ ಶೌಚಾಲಯಗಳು ಬಂದವು. ಹತ್ತಾರು ಸಾವಿರ ಮನೆಗಳಿಗೆ ರಾಸಾಯನಿಕ ತುಂಬಿದ ಡಬ್ಬಿ ಶೌಚಾಲಯಗಳನ್ನು ಹಂಚಬೇಕಾಯಿತು. ಮನೆ ಗಟ್ಟಿಯಾಗಿ ನಿಂತಿದೆ, ಕರೆಂಟ್ ಬಂದಿದೆ, ನಲ್ಲಿಯಲ್ಲಿ ನೀರೂ ಬರುತ್ತಿದೆ. ಆದರೆ ಫ್ಲಶ್ ಮಾಡುವಂತಿಲ್ಲ. ಇದನ್ನೊಮ್ಮೆ ನಮ್ಮ ಮನೆಗೆ, ಅಜ್ಜಿ ತಾತ, ಮಕ್ಕಳು ಇರುವ ಮನೆಗೆ ಹೋಲಿಸಿಕೊಂಡು ನೋಡಿ.

ಅಪಾಯದ ಜಾಗದಲ್ಲೇ ಯಾಕೆ ಕಟ್ಟುತ್ತಾರೆ?

"ಅಷ್ಟು ಮುಖ್ಯವಾದ ಘಟಕವನ್ನು ಗಟ್ಟಿ ಬಂಡೆಯ ಮೇಲೆ ಕಟ್ಟಬಾರದೇ?" ಎಂದು ನೀವು ಕೇಳಬಹುದು. ಕಟ್ಟಬಹುದು. ಆದರೆ ಕೊಳಚೆ ನೀರು ತಾನಾಗಿಯೇ ಹರಿದು ಬರಬೇಕು ಅಂದರೆ ಘಟಕ ಊರಿನ ಅತಿ ತಗ್ಗಿನಲ್ಲಿರಬೇಕು. ಊರಿನ ಅತಿ ತಗ್ಗು ಎಂದರೆ ನದಿದಂಡೆ, ಕೆರೆಯ ಕೆಳಭಾಗ ಅಥವಾ ಸಮುದ್ರದ ಅಂಚು. ಅಲ್ಲಿರುವುದು ಸಡಿಲವಾದ ಮರಳು, ಮೆಕ್ಕಲು ಮಣ್ಣು. ಕೆಲವೆಡೆ ನೀರನ್ನು ಮುಚ್ಚಿ ಮಾಡಿಕೊಂಡ ನೆಲ. ಅಡಿಯಲ್ಲಿ ಎರಡು ಮೂರು ಮೀಟರ್ ಅಗೆದರೆ ನೀರು.

ಅಂದರೆ ಇಳಿಜಾರನ್ನು ಉಪಯೋಗಿಸಿಕೊಳ್ಳಲು ಹೋಗಿ ನಾವು ಈ ಘಟಕವನ್ನು ಭೂಕಂಪಕ್ಕೆ ಅತಿ ಹೆಚ್ಚು ಹೆದರಬೇಕಾದ ಮಣ್ಣಿನ ಮೇಲೆಯೇ ಇಡುತ್ತೇವೆ. ಇದು ಯಾರದೋ ಬೇಜವಾಬ್ದಾರಿ ಅಲ್ಲ. ಪಂಪ್ ಇಲ್ಲದೆ, ಕರೆಂಟ್ ಇಲ್ಲದೆ ನೀರು ಹರಿದುಬರುವುದಕ್ಕೆ ಕೊಡುವ ಬೆಲೆ ಅದು. ಆದ್ದರಿಂದ ಎಂಜಿನಿಯರ್‌ಗಳ ಮುಂದಿರುವ ಪ್ರಶ್ನೆ, ಕೆಟ್ಟ ಮಣ್ಣಿನಲ್ಲೂ ಘಟಕವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು.

ಗಟ್ಟಿ ನೆಲ ನೀರಾಗುವುದು ಹೇಗೆ?

ಕಾರವಾರ, ಮಲ್ಪೆಯ ಕಡಲತೀರಕ್ಕೆ ಹೋದವರು ಇದನ್ನು ಕಾಲಲ್ಲೇ ಪರೀಕ್ಷಿಸಿರುತ್ತಾರೆ. ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಸುಮ್ಮನೆ ನಿಂತರೆ ಅದು ಗಟ್ಟಿ ನೆಲ. ಅಲ್ಲೇ ನಿಂತು ಕಾಲನ್ನು ಬೇಗ ಬೇಗ ಕುಣಿಸಿದರೆ ಮರಳು ಮೆತ್ತಗಾಗಿ, ನೀರು ಮೇಲೆ ಬಂದು, ಪಾದ ಒಳಗಿಳಿಯುತ್ತದೆ.

ಮರಳಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದರಿಂದ ನೆಲ ಭಾರ ಹೊರುತ್ತದೆ. ಕಣಗಳ ನಡುವೆ ನೀರು ತುಂಬಿದ್ದಾಗ ಜೋರಾಗಿ ಅಲುಗಾಡಿಸಿದರೆ ಕಣಗಳು ಇನ್ನೂ ಹತ್ತಿರ ಕೂರಲು ನೋಡುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿ ಇಲ್ಲ. ಹಾಗಾಗಿ ನೀರಿನ ಒತ್ತಡ ಏರುತ್ತಾ ಹೋಗಿ, ಕಣಗಳನ್ನೇ ಒಂದರಿಂದ ಒಂದು ಬಿಡಿಸುತ್ತದೆ. ಆ ಕೆಲವು ಹೊತ್ತು ನೆಲ ನೆಲವಾಗಿರುವುದಿಲ್ಲ, ಗಟ್ಟಿ ಗಂಜಿಯಂತಾಗಿರುತ್ತದೆ. ಇದನ್ನು ನೆಲದ ದ್ರವೀಕರಣ ಎನ್ನುತ್ತಾರೆ. ಇಂಗ್ಲಿಷ್ ಹೆಸರು ಲಿಕ್ವಿಫ್ಯಾಕ್ಷನ್.

ಇದು ನ್ಯೂಜಿಲೆಂಡ್‌ಗೆ ಮಾತ್ರ ಸೀಮಿತವಲ್ಲ. 1934ರ ಬಿಹಾರ-ನೇಪಾಳ ಭೂಕಂಪದಲ್ಲಿ, 2001ರ ಭುಜ್ ಭೂಕಂಪದಲ್ಲಿ ಕಚ್ಛ್‌ನ ರಣಭೂಮಿಯಲ್ಲಿ ನಮ್ಮ ದೇಶದ ಜನರೂ ಇದನ್ನು ಕಂಡಿದ್ದಾರೆ.

ಮಾತು 1: "ಹೂತ ಟ್ಯಾಂಕಿಗೆ ಏನೂ ಆಗುವುದಿಲ್ಲ"

ಈಗ ಮೊದಲ ಮಾತಿಗೆ ಬರೋಣ. ಕಾಂಕ್ರೀಟ್ ಟ್ಯಾಂಕ್ ಭಾರ, ಅದು ಮುಳುಗಬಹುದೇ ಹೊರತು ತೇಲುವುದು ಹೇಗೆ ಎನ್ನಿಸುತ್ತದೆ. ಚಿಕ್ಕ ಲೆಕ್ಕ ಹಾಕಿ ನೋಡೋಣ.

10 ಮೀಟರ್ ಉದ್ದ, 10 ಮೀಟರ್ ಅಗಲ, 4 ಮೀಟರ್ ಆಳದ, ಮೇಲೆ ತೆರೆದ ಒಂದು ತೊಟ್ಟಿ ಅಂಚಿನವರೆಗೂ ನೆಲದೊಳಗಿದೆ ಅಂದುಕೊಳ್ಳಿ. ಗೋಡೆ 30 ಸೆಂಟಿಮೀಟರ್ ದಪ್ಪ, ತಳ 40 ಸೆಂಟಿಮೀಟರ್ ದಪ್ಪ. ಇದರ ಕಾಂಕ್ರೀಟಿನ ಒಟ್ಟು ತೂಕ ಸುಮಾರು 200 ಟನ್. ಆದರೆ ಈ ತೊಟ್ಟಿ ನೆಲದೊಳಗೆ ಆಕ್ರಮಿಸಿರುವ ಜಾಗ 400 ಘನ ಮೀಟರ್. ಸುತ್ತ ನೀರೇ ಇದ್ದರೆ ಅದು ತೊಟ್ಟಿಯನ್ನು 400 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಸುತ್ತ ಇರುವುದು ದ್ರವವಾದ ಮರಳಾದರೆ, ಅದು ನೀರಿಗಿಂತ ಭಾರ, ನೂಕು ಇನ್ನೂ ಹೆಚ್ಚು. ತೊಟ್ಟಿ ಖಾಲಿ ಇದ್ದರೆ ಅದಕ್ಕೂ ದೋಣಿಗೂ ವ್ಯತ್ಯಾಸವಿಲ್ಲ. ಕಬ್ಬಿಣದ ಹಡಗು ತೇಲುವ ಕಾರಣಕ್ಕೇ ಕಾಂಕ್ರೀಟ್ ತೊಟ್ಟಿಯೂ ತೇಲುತ್ತದೆ.

ಮ್ಯಾನ್‌ಹೋಲ್‌ಗಳ ಕತೆಯೂ ಹೀಗೆಯೇ. ಅವು ನೆಲದೊಳಗೆ ನಿಂತ ಟೊಳ್ಳು ಕೊಳವೆಗಳು. ಜಪಾನಿನ ನೀಗಾಟಾ ಪ್ರಾಂತ್ಯದಲ್ಲಿ 2004ರ ಅಕ್ಟೋಬರ್ 23ರಂದು ಆದ ಭೂಕಂಪದಲ್ಲಿ 1,400ಕ್ಕೂ ಹೆಚ್ಚು ಮ್ಯಾನ್‌ಹೋಲ್‌ಗಳು ರಸ್ತೆಯಿಂದ ಮೇಲೆದ್ದವು. ಬೀದಿಯ ನಡುವೆ ಒಮ್ಮೆಲೇ ಕಂಬದಂತೆ ಎದ್ದು ನಿಂತ ಮ್ಯಾನ್‌ಹೋಲ್ ಎಂದರೆ ಅದಕ್ಕೆ ಸೇರಿದ್ದ ಪೈಪುಗಳೆಲ್ಲ ಕಿತ್ತುಹೋದಂತೆ. ಜೊತೆಗೆ ಆಂಬ್ಯುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿಯೂ ಬಂದ್.

ಇದಕ್ಕೆ ಪರಿಹಾರವೂ ಇದೇ ಲೆಕ್ಕದಲ್ಲಿದೆ. ತಳವನ್ನು ಬೇಕೆಂದೇ ದಪ್ಪವಾಗಿ ಹಾಕುತ್ತಾರೆ. ತಳದ ಹಲಗೆಯನ್ನು ಗೋಡೆಯಿಂದ ಆಚೆಗೆ ಅರ್ಧ, ಒಂದು ಮೀಟರ್ ಚಾಚಿಸುತ್ತಾರೆ. ಆಗ ಆ ಚಾಚಿನ ಮೇಲೆ ಕೂತ ಮಣ್ಣಿನ ಭಾರವೂ ತೊಟ್ಟಿಯನ್ನು ಕೆಳಗೆ ಹಿಡಿಯುತ್ತದೆ. ಮಣ್ಣು ತೀರಾ ಸಡಿಲವಾಗಿದ್ದರೆ ಕೆಳಗಿನ ಗಟ್ಟಿ ಪದರದವರೆಗೆ ಪೈಲ್‌ಗಳನ್ನು ಇಳಿಸಿ ತೊಟ್ಟಿಯನ್ನು ಅವುಗಳಿಗೆ ಕಟ್ಟಿಹಾಕುತ್ತಾರೆ. ಕಟ್ಟುವ ಮೊದಲೇ ಮಣ್ಣನ್ನು ಯಂತ್ರದಿಂದ ಅದುರಿಸಿ ಬಿಗಿ ಮಾಡುವುದು, ಜಲ್ಲಿಯ ಕಂಬಗಳನ್ನು ಇಳಿಸಿ ನೀರಿನ ಒತ್ತಡಕ್ಕೆ ಹೊರದಾರಿ ಕೊಡುವುದು ಇನ್ನೊಂದು ಉಪಾಯ. ಎಲ್ಲಕ್ಕಿಂತ ಸರಳವಾದ ನಿಯಮ: ಅಂತರ್ಜಲ ಮೇಲಿರುವ ಜಾಗದಲ್ಲಿ ಎಲ್ಲ ತೊಟ್ಟಿಗಳನ್ನೂ ಒಟ್ಟಿಗೆ ಖಾಲಿ ಮಾಡಬಾರದು. ನಮ್ಮ ಲೆಕ್ಕದ ತೊಟ್ಟಿಯಲ್ಲಿ ನೀರು ತುಂಬಿದ್ದರೆ ಅದರ ತೂಕ 500 ಟನ್ ದಾಟುತ್ತದೆ.

ಒಳಗಿನ ನೀರು ಸುಮ್ಮನಿರುವುದಿಲ್ಲ

ಹಾಗಾದರೆ ತೊಟ್ಟಿ ತುಂಬಿದ್ದರೆ ಚಿಂತೆಯಿಲ್ಲವೇ? ಅಲ್ಲಿ ಬೇರೊಂದು ಕಷ್ಟ. ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆದವರಿಗೆ ಗೊತ್ತು. ಹೆಜ್ಜೆಯ ಲಯಕ್ಕೆ ನೀರಿನ ತೊನೆದಾಟ ಕೂಡಿಕೊಂಡರೆ ಸೀರೆಯೆಲ್ಲ ಒದ್ದೆ.

ಭೂಕಂಪದಲ್ಲಿ ತೊಟ್ಟಿಯ ನೀರು ಎರಡು ರೀತಿಯಲ್ಲಿ ವರ್ತಿಸುತ್ತದೆ. ಕೆಳಭಾಗದ ನೀರು ಗೋಡೆಗೆ ಅಂಟಿದಂತೆ ಅದರ ಜೊತೆಗೇ ಅಲುಗಾಡಿ ಗೋಡೆಗೆ ಗುದ್ದುತ್ತದೆ. ಮೇಲ್ಭಾಗದ ನೀರು ನಿಧಾನವಾಗಿ, ಆದರೆ ಎತ್ತರವಾಗಿ ಅತ್ತಿತ್ತ ಹೊಯ್ದಾಡುತ್ತದೆ. ಅಲುಗಾಟ ನಿಂತ ಮೇಲೂ ಈ ಹೊಯ್ದಾಟ ನಡೆದೇ ಇರುತ್ತದೆ. ಶುದ್ಧೀಕರಣ ಘಟಕದಲ್ಲಿ ಇದರ ಹೊಡೆತಕ್ಕೆ ಮೊದಲು ಸಿಗುವುದು ಗೋಡೆಗಿಂತ ತೆಳುವಾದ ಭಾಗಗಳು: ತಿಳಿನೀರು ಸೇರಿಸುವ ದೋಣಿಗಳು, ಕೆಸರು ಕೆರೆಯುವ ಉದ್ದ ತೋಳುಗಳು, ಅಡ್ಡ ಹಲಗೆಗಳು, ಗಾಳಿ ಊದುವ ಪೈಪುಗಳು. ತೊಟ್ಟಿಯ ಗೋಡೆ ಕಲ್ಲಿನಂತೆ ನಿಂತಿರುತ್ತದೆ, ಒಳಗಿನ ತೋಳು ಮುರಿದು ಬಿದ್ದಿರುತ್ತದೆ, ಘಟಕ ಬಂದ್.

ಅದಕ್ಕಾಗಿಯೇ ಈ ತೊಟ್ಟಿಗಳನ್ನು ಮಾಮೂಲಿ ಕಟ್ಟಡದ ಲೆಕ್ಕದಲ್ಲಿ ಕಟ್ಟುವುದಿಲ್ಲ. ನಮ್ಮ ದೇಶದಲ್ಲೂ ಭೂಕಂಪ ಸಂಹಿತೆ ಐಎಸ್ 1893ರ ಎರಡನೇ ಭಾಗ ಪೂರ್ತಿ ಇದಕ್ಕೇ, ಅಂದರೆ ದ್ರವ ತುಂಬುವ ತೊಟ್ಟಿಗಳಿಗೇ ಮೀಸಲು. ನೀರಿನ ಗುದ್ದು, ಹೊಯ್ದಾಟ ಎರಡನ್ನೂ ಅದರಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ನೀರಿನ ಮಟ್ಟಕ್ಕೂ ಗೋಡೆಯ ಅಂಚಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದು ಈ ಅಲೆಯ ಎತ್ತರದಿಂದ ತೀರ್ಮಾನವಾಗುತ್ತದೆ.

ಮುರಿಯುವುದು ಸಂದಿನಲ್ಲಿ

ಹಾಳಾದ ಘಟಕಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಒಂದು ಸಂಗತಿಯಿದೆ. ಪೈಪ್ ನಡುವೆ ಮುರಿಯುವುದಕ್ಕಿಂತ ಹೆಚ್ಚಾಗಿ ಅದು ಗೋಡೆಯೊಳಗೆ ಹೋಗುವ ಜಾಗದಲ್ಲಿ ಮುರಿಯುತ್ತದೆ. ಕಾರಣ ಸರಳ. ಕಟ್ಟಡ ಪೈಲ್‌ಗಳ ಮೇಲೆ ಅಲ್ಲಾಡದೆ ನಿಂತಿದೆ, ಪೈಪ್ ಮಾತ್ರ ಮಣ್ಣಿನಲ್ಲಿದೆ. ಮಣ್ಣು ಒಂದು ಗೇಣು ಕುಸಿದರೆ ಪೈಪ್ ಮಣ್ಣಿನ ಜೊತೆ ಇಳಿಯುತ್ತದೆ, ಕಟ್ಟಡ ಬಿಡುವುದಿಲ್ಲ. ನಡುವೆ ಸಿಕ್ಕಿದ ಸಂದು ಕತ್ತರಿಸಿಹೋಗುತ್ತದೆ.

ಆದ್ದರಿಂದ ಅಲ್ಲಿ ಬಾಗುವ, ಎಳೆದರೆ ಉದ್ದವಾಗುವ ಜೋಡಣೆಗಳನ್ನು ಹಾಕುತ್ತಾರೆ. ಸಂದು ಸಂದಾಗಿ ಜೋಡಿಸಿದ ಜೇಡಿಮಣ್ಣಿನ, ಕಾಂಕ್ರೀಟಿನ ಪೈಪುಗಳ ಬದಲು, ತುದಿಗಳನ್ನು ಕರಗಿಸಿ ಬೆಸೆದ ಪಾಲಿಥೀನ್ ಪೈಪುಗಳನ್ನು ಬಳಸುತ್ತಾರೆ. ಇವು ಮಣ್ಣಿನ ಜೊತೆ ಬಳುಕುತ್ತವೆ.

ಇನ್ನೊಂದು ಸೂಕ್ಷ್ಮ ಇಳಿಜಾರಿನದು. ಒಳಚರಂಡಿ ಪೈಪನ್ನು 200 ಮೀಟರಿಗೆ ಒಂದು ಮೀಟರಿನಂತೆ ಇಳಿಸಿದ್ದಾರೆ ಅಂದುಕೊಳ್ಳಿ. 20 ಮೀಟರ್ ದೂರಕ್ಕೆ ಇಳಿಜಾರು ಬರೀ 10 ಸೆಂಟಿಮೀಟರ್. ಮೇಲಿನ ತುದಿಯ ನೆಲ 10 ಸೆಂಟಿಮೀಟರ್ ಕುಸಿದರೆ ಪೈಪ್ ಒಡೆಯದೇ ಇದ್ದರೂ ನೀರು ಹರಿಯುವುದಿಲ್ಲ. ಇನ್ನಷ್ಟು ಕುಸಿದರೆ ಹಿಂದಕ್ಕೆ, ನಿಮ್ಮ ಬಚ್ಚಲ ಕಡೆಗೇ ಬರುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಈ ಪಾಠ ಕಲಿತ ಮೇಲೆ ನೆಲ ಕೆಟ್ಟಿದ್ದ ಕೆಲವು ಬಡಾವಣೆಗಳಲ್ಲಿ ಇಳಿಜಾರನ್ನು ನಂಬುವುದನ್ನೇ ಬಿಟ್ಟರು. ಅಲ್ಲಿ ಈಗ ಕೊಳಚೆಯನ್ನು ಪಂಪಿನಿಂದ ಒತ್ತಿ ಅಥವಾ ನಿರ್ವಾತದಿಂದ ಎಳೆದು ಸಾಗಿಸುವ ಪೈಪುಗಳಿವೆ. ಇದಕ್ಕೆ ಕರೆಂಟ್ ಬೇಕು, ಖರ್ಚು ಹೆಚ್ಚು. ಆದರೆ ಪೈಪುಗಳು ಹೆಚ್ಚು ಆಳದಲ್ಲಿ ಇರುವುದಿಲ್ಲ, ಕೆಟ್ಟರೆ ಬೇಗ ಹುಡುಕಿ ಸರಿಪಡಿಸಬಹುದು.

ಎಲ್ಲವನ್ನೂ ಉಳಿಸಲಾಗದಿದ್ದರೆ?

ಎಂಜಿನಿಯರ್‌ಗಳು ಕಲಿತ ದೊಡ್ಡ ಪಾಠ ಇದು. ಎಷ್ಟೇ ಖರ್ಚು ಮಾಡಿದರೂ ಏನೂ ಮುರಿಯದ ಘಟಕ ಕಟ್ಟಲಾಗದು. ಹಾಗಾಗಿ ಮೊದಲೇ ಕೂತು ಯಾವುದು ಮುರಿದರೆ ಪರವಾಗಿಲ್ಲ, ಯಾವುದು ಮುರಿಯಲೇಬಾರದು ಎಂದು ಪಟ್ಟಿ ಮಾಡುತ್ತಾರೆ.

ಸಾಮಾನ್ಯ ದಿನಗಳಲ್ಲಿ ಘಟಕ ಮಾಡುವ ಕೆಲಸ ಇಷ್ಟು: ಕಸ, ಮರಳು ತೆಗೆಯುವುದು, ನಿಲ್ಲಿಸಿ ಕೆಸರು ತಳಕ್ಕೆ ಕೂರಿಸುವುದು, ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವುದು, ಮತ್ತೆ ತಿಳಿಗೊಳಿಸುವುದು, ಕೊನೆಗೆ ಕ್ಲೋರಿನ್‌ನಂಥದ್ದರಿಂದ ರೋಗಾಣು ಕೊಲ್ಲುವುದು. ಭೂಕಂಪದ ಮರುದಿನ ಇಷ್ಟೂ ಬೇಕಿಲ್ಲ. ಆದರೆ ಮೂರು ಬೇಕೇ ಬೇಕು: ಕೊಳಚೆ ಜನರ ಮನೆಯಿಂದ ಹೊರಹೋಗಬೇಕು, ಸ್ವಲ್ಪವಾದರೂ ಕೆಸರು ಕೂರಬೇಕು, ರೋಗಾಣು ಸಾಯಬೇಕು.

ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಡಲಂಚಿನ ಹಿಗಾಶಿನಾದಾ ಶುದ್ಧೀಕರಣ ಘಟಕ ನೆಲದ ದ್ರವೀಕರಣದಿಂದ ಹಾಳಾಯಿತು. ಅಲ್ಲಿನ ಸಿಬ್ಬಂದಿ ಮಾಡಿದ ಉಪಾಯ ನೋಡಿ: ಘಟಕದ ಪಕ್ಕದ ಕಾಲುವೆಗೇ ಅಡ್ಡಕಟ್ಟೆ ಹಾಕಿ ಅದನ್ನೇ ತಾತ್ಕಾಲಿಕ ತೊಟ್ಟಿ ಮಾಡಿಕೊಂಡರು. ಅದರಲ್ಲಿ ಕೆಸರು ಕೂರಿಸಿ, ಕ್ಲೋರಿನ್ ಹಾಕಿ ನೀರು ಬಿಟ್ಟರು. ಮುಂದೆ ನಗರವು ತನ್ನ ಘಟಕಗಳನ್ನು ದೊಡ್ಡ ಕೊಳವೆಗಳಿಂದ ಒಂದಕ್ಕೊಂದು ಜೋಡಿಸಿತು. ಒಂದು ಘಟಕ ನಿಂತರೆ ಅದರ ಕೊಳಚೆ ಇನ್ನೊಂದಕ್ಕೆ ಹೋಗುತ್ತದೆ.

2011ರ ಮಾರ್ಚ್ 11ರಂದು ಸೆಂಡಾಯ್ ನಗರದ ಮಿನಾಮಿ-ಗಾಮೋ ಘಟಕಕ್ಕೆ ಭೂಕಂಪದ ಬೆನ್ನಿಗೇ ಸುಮಾರು 10 ಮೀಟರ್ ಎತ್ತರದ ಸುನಾಮಿ ಅಪ್ಪಳಿಸಿತು. ಅಲ್ಲಿದ್ದವರು ಛಾವಣಿ ಏರಿ ಜೀವ ಉಳಿಸಿಕೊಂಡರು. ಪಂಪು, ವಿದ್ಯುತ್ ಉಪಕರಣ ಎಲ್ಲ ನೀರುಪಾಲು. ನಗರದ ಕೊಳಚೆಯ ಸುಮಾರು 70% ಭಾಗ ಬರುತ್ತಿದ್ದುದು ಅಲ್ಲಿಗೇ. ಆದರೂ ನಗರದ ಶೌಚಾಲಯಗಳು ಉಕ್ಕಲಿಲ್ಲ, ಏಕೆಂದರೆ ಕೊಳಚೆ ಇಳಿಜಾರಿನಲ್ಲೇ ಘಟಕದವರೆಗೆ ಹರಿದುಬರುವಂತೆ ಕಟ್ಟಿದ್ದರು. ಕರೆಂಟ್ ಇಲ್ಲದೆಯೂ ಅದು ಹರಿಯಿತು. ಬಂದ ನೀರಿನ ಕೆಸರು ಕೂರಿಸಿ, ಕ್ಲೋರಿನ್ ಹಾಕಿ ಬಿಡುತ್ತಾ ಹಂತ ಹಂತವಾಗಿ ಘಟಕವನ್ನು ಮತ್ತೆ ಕಟ್ಟಿದರು. ಹೊಸ ಘಟಕ ಪೂರ್ತಿಯಾಗಿದ್ದು 2016ರಲ್ಲಿ. ಈ ಬಾರಿ ವಿದ್ಯುತ್ ಉಪಕರಣಗಳನ್ನು ಎತ್ತರದಲ್ಲಿಟ್ಟರು.

ಕ್ರೈಸ್ಟ್‌ಚರ್ಚ್‌ನ ಕೆಲವು ಕಡೆ ಇಳಿಜಾರು ಕೈಕೊಟ್ಟಿತು, ಸೆಂಡಾಯ್‌ನಲ್ಲಿ ಅದೇ ಇಳಿಜಾರು ಊರನ್ನು ಕಾಪಾಡಿತು. ಎಲ್ಲ ಊರಿಗೂ ಒಂದೇ ಮದ್ದು ಇಲ್ಲ. ಆ ಊರಿನ ಮಣ್ಣು ನೋಡಿಯೇ ನಿರ್ಧರಿಸಬೇಕು.

ಚಿಕ್ಕ ವಿಷಯಗಳೂ ದೊಡ್ಡ ಹಾನಿ ತಪ್ಪಿಸುತ್ತವೆ. ಜನರೇಟರ್, ಬ್ಯಾಟರಿ, ವಿದ್ಯುತ್ ಪ್ಯಾನೆಲ್‌ಗಳನ್ನು ಬೋಲ್ಟ್ ಹಾಕಿ ನೆಲಕ್ಕೆ, ಗೋಡೆಗೆ ಬಿಗಿಯಬೇಕು. ಕ್ಲೋರಿನ್ ಅನಿಲದ ಸಿಲಿಂಡರ್‌ಗಳನ್ನು ಸರಪಳಿ ಹಾಕಿ ಕಟ್ಟಬೇಕು, ಉರುಳಿ ಸೋರಿದರೆ ಅದು ವಿಷಾನಿಲ. ಎಷ್ಟೋ ಘಟಕಗಳಲ್ಲಿ ಅನಿಲದ ಬದಲು ದ್ರವರೂಪದ ಹೈಪೋಕ್ಲೋರೈಟ್ ಬಳಸುವುದಕ್ಕೆ ಇದೂ ಒಂದು ಕಾರಣ.

ಮಾತು 2: "ಹೆಣಗಳಿಂದ ಕಾಲರಾ ಬರುತ್ತದೆ"

ಇಷ್ಟೆಲ್ಲ ಯಾಕೆ ಬೇಕು ಎಂಬುದು ಈ ಎರಡನೇ ಮಾತಿನಿಂದ ತಿಳಿಯುತ್ತದೆ. ಭೂಕಂಪದಲ್ಲಿ ಸತ್ತವರು ಸತ್ತಿರುವುದು ಗಾಯದಿಂದ, ಸಾಂಕ್ರಾಮಿಕ ರೋಗದಿಂದ ಅಲ್ಲ. ವಿಕೋಪಗಳಲ್ಲಿ ಸತ್ತವರ ದೇಹಗಳಿಂದ ಊರಿಗೆ ರೋಗ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಈ ಭಯದಿಂದ ಗುರುತೂ ಹಿಡಿಯದೆ ಸಾಮೂಹಿಕವಾಗಿ ಹೂಳುವುದರಿಂದ ಆಗುವುದು ಒಂದೇ: ತಮ್ಮವರು ಏನಾದರು ಎಂದು ಗೊತ್ತಾಗದೆ ಮನೆಯವರು ಜೀವನಪೂರ್ತಿ ಕೊರಗುತ್ತಾರೆ.

ಕಾಲರಾ, ಟೈಫಾಯ್ಡ್, ಕಾಮಾಲೆ ಹರಡುವುದು ಬದುಕಿರುವವರ ಮಲ ಕುಡಿಯುವ ನೀರಿಗೆ ಸೇರಿದಾಗ. ಹೈಟಿ ದೇಶದಲ್ಲಿ 2010ರ ಜನವರಿ 12ರಂದು ಭಾರಿ ಭೂಕಂಪವಾಯಿತು. ಅಲ್ಲಿ ಕಾಲರಾ ಬಂದದ್ದು ಒಂಬತ್ತು ತಿಂಗಳ ನಂತರ, ಅಕ್ಟೋಬರಿನಲ್ಲಿ, ಅದೂ ಭೂಕಂಪವಾದ ಜಾಗದಿಂದ ದೂರದಲ್ಲಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರವೊಂದರ ಮಲದ ನೀರು ನದಿಗೆ ಸೇರಿದ್ದೇ ಇದರ ಮೂಲ ಎಂದು ತನಿಖೆಗಳು ತೋರಿಸಿದವು. ಸುಮಾರು 10,000 ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ರಾಜಧಾನಿಗೇ ಒಳಚರಂಡಿ ಜಾಲ ಇಲ್ಲದ ದೇಶದಲ್ಲಿ ಒಂದು ಶಿಬಿರದ ಕೊಳಚೆ ಅಷ್ಟು ಜನರನ್ನು ಕೊಂದಿತು.

ನಮ್ಮ ಕರ್ನಾಟಕಕ್ಕೆ ಇದು ಸಂಬಂಧಿಸಿದ್ದೇ?

ಹೆದರಿಸುವುದು ನಮ್ಮ ಉದ್ದೇಶವಲ್ಲ. 2002ರ ಭೂಕಂಪ ವಲಯ ನಕ್ಷೆಯ ಪ್ರಕಾರ ಕರ್ನಾಟಕ ಕಡಿಮೆ ಮತ್ತು ಮಧ್ಯಮ ಅಪಾಯದ 2, 3ನೇ ವಲಯಗಳಲ್ಲಿದೆ. ಬೆಂಗಳೂರು, ಮೈಸೂರು 2ರಲ್ಲಿ. ಮಂಗಳೂರು, ಕಾರವಾರ, ಬೆಳಗಾವಿ 3ರಲ್ಲಿ. ಜಪಾನಿನಂಥ ಭೂಕಂಪವನ್ನು ಇಲ್ಲಿ ಯಾರೂ ನಿರೀಕ್ಷಿಸುವುದಿಲ್ಲ.

ಆದರೆ "ಕಡಿಮೆ ಅಪಾಯ" ಎಂದರೆ "ಅಪಾಯವೇ ಇಲ್ಲ" ಎಂದಲ್ಲ. 1993ರ ಸೆಪ್ಟೆಂಬರ್ 30ರಂದು ನಮ್ಮ ಬೀದರ್, ಕಲಬುರಗಿಗಳ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಸಾವಿರಾರು ಜನ ಸತ್ತಾಗ ಆ ಪ್ರದೇಶ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು.

ನಮ್ಮಲ್ಲಿ ದೊಡ್ಡ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲೇ ಎಸ್‌ಟಿಪಿ ಇರುತ್ತದೆ. ಗಟ್ಟಿ ಬಂಡೆಯ ನೆಲದಲ್ಲಿ ದ್ರವೀಕರಣದ ಭಯ ಇಲ್ಲ. ಆದರೆ ಮುಚ್ಚಿದ ಕೆರೆಯಂಗಳ, ರಾಜಕಾಲುವೆಯ ಅಂಚು, ಕರಾವಳಿಯ ಮರಳು ನೆಲಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸಿಯೇ ಕಟ್ಟಬೇಕು. ನಿಮ್ಮ ಸಂಘದ ಸಭೆಯಲ್ಲಿ ಕೇಳಲು ನಾಲ್ಕು ಪ್ರಶ್ನೆ: ತೊಟ್ಟಿಯ ವಿನ್ಯಾಸದಲ್ಲಿ ಭೂಕಂಪ ಮತ್ತು ತೇಲುವಿಕೆಯ ಲೆಕ್ಕ ಹಾಕಿದ್ದಾರೆಯೇ? ಪೈಪ್ ಗೋಡೆ ಸೇರುವ ಕಡೆ ಬಾಗುವ ಜೋಡಣೆ ಇದೆಯೇ? ಪ್ಯಾನೆಲ್, ಬ್ಲೋವರ್‌ಗಳನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೆಯೇ? ಕರೆಂಟ್ ಇಲ್ಲದಾಗ ಕೊಳಚೆ ಎಲ್ಲಿಗೆ ಹೋಗುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ಪಡೆಯಲು ಭೂಕಂಪವೇ ಬರಬೇಕಿಲ್ಲ, ಒಂದು ಜೋರು ಮಳೆ ಸಾಕು.

ಭೂಕಂಪ ಆದರೆ ನಾವು ಮಾಡಬೇಕಾದ್ದು

ಕೆಳಗಿನದನ್ನು ಮಾತ್ರ ಫಾರ್ವರ್ಡ್ ಮಾಡಿದರೂ ಸಾಕು.

1. ಜೋರಾಗಿ ಅಲುಗಾಡಿದ್ದರೆ, ಒಳಚರಂಡಿ ಸರಿಯಿದೆ ಎಂದು ಗೊತ್ತಾಗುವವರೆಗೆ ಫ್ಲಶ್ ಮಾಡಬೇಡಿ. ನಲ್ಲಿಯಲ್ಲಿ ನೀರು ಬರುತ್ತಿದೆ ಎಂದರೆ ಚರಂಡಿ ಸರಿಯಿದೆ ಎಂದರ್ಥವಲ್ಲ. ನೀವು ಮೇಲಿನ ಮಹಡಿಯಲ್ಲಿ ಸುರಿದದ್ದು ಕೆಳಗಿನ ಮನೆಯವರ ಬಚ್ಚಲಲ್ಲಿ ಮೇಲೆ ಬರಬಹುದು.

2. ತಾತ್ಕಾಲಿಕವಾಗಿ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದು ಮೂತ್ರಕ್ಕೆ, ಒಂದು ಮಲಕ್ಕೆ. ಮಲದ ಮೇಲೆ ಪ್ರತಿ ಸಲ ಬೂದಿ, ಮರದ ಹೊಟ್ಟು ಅಥವಾ ಒಣಮಣ್ಣು ಹಾಕಿ ಮುಚ್ಚಳ ಮುಚ್ಚಿ. ನ್ಯೂಜಿಲೆಂಡ್‌ನಲ್ಲಿ ಜನರಿಗೆ ಹೇಳಿಕೊಡುವ ಉಪಾಯ ಇದು.

3. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ. ಕುದಿ ಬಂದ ಮೇಲೂ ಕನಿಷ್ಠ ಒಂದು ನಿಮಿಷ ಒಲೆಯ ಮೇಲಿರಲಿ. ನೆಲದೊಳಗಿನ ಸಂಪು ಬಿರುಕು ಬಿಟ್ಟಿದ್ದರೆ ಕೊಳಚೆ ಅದರೊಳಗೆ ಸೇರಬಹುದು, ಆ ನೀರು ಬಳಸುವ ಮೊದಲು ಪರೀಕ್ಷಿಸಿ.

4. ಬೀದಿಯಲ್ಲಿ ಉಕ್ಕಿದ ಕೆಸರು, ಮರಳಿನಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಅದರಲ್ಲಿ ಕೊಳಚೆ ಬೆರೆತಿರುತ್ತದೆ. ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ.

5. ಹಾನಿ ನೋಡಲು ಯಾರನ್ನೂ ಮ್ಯಾನ್‌ಹೋಲಿಗೆ, ಎಸ್‌ಟಿಪಿ ತೊಟ್ಟಿಗೆ ಇಳಿಸಬೇಡಿ. ಒಳಗಿನ ವಿಷಾನಿಲ ಕ್ಷಣಗಳಲ್ಲಿ ಕೊಲ್ಲುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

6. "ಹೆಣಗಳಿಂದ ರೋಗ ಬರುತ್ತದೆ, ಬೇಗ ಹೂಳಿ" ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಅದರ ಬದಲು "ನೀರು ಕುದಿಸಿ ಕುಡಿಯಿರಿ" ಎಂದು ಕಳಿಸಿ.

ಕುಸಿದ ಕಟ್ಟಡ ಎಲ್ಲರ ಕಣ್ಣಿಗೆ ಬೀಳುತ್ತದೆ. ನೆಲದೊಳಗೆ ಒಡೆದ ಪೈಪ್ ಕಾಣುವುದು ಮಕ್ಕಳಿಗೆ ವಾಂತಿಭೇದಿ ಶುರುವಾದ ಮೇಲೆಯೇ. ಮುಂದಿನ ಬಾರಿ ಗುಂಪಿನಲ್ಲಿ ಯಾರಾದರೂ "ನೆಲದೊಳಗಿನದಕ್ಕೆ ಏನೂ ಆಗಲ್ಲ ಬಿಡಿ" ಎಂದರೆ, ಖಾಲಿ ತೊಟ್ಟಿಯ ಆ ಚಿಕ್ಕ ಲೆಕ್ಕವನ್ನು ಅವರಿಗೆ ಕಳಿಸಿ.